ಹಳೇ ಕ್ಯಾಂಪರ್ ವ್ಯಾನಿಗೆ ಮೇಲೇಳುವ ಛಾವಣಿ: ತಗಡು ಕತ್ತರಿಸುವ ಮೊದಲು

ಮೊದಲು ಛಾವಣಿ ಕೊಳ್ಳುತ್ತಾರೆ, ಆಮೇಲೆ ವ್ಯಾನ್ ನೋಡುತ್ತಾರೆ. ಈ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಅಗ್ಗಕ್ಕೆ ಸಿಕ್ಕಿತೆಂದು ಹಳೇ ಪಾಪ್-ಅಪ್ ರೂಫ್ (ಮೇಲೆತ್ತಿದರೆ ಪಕ್ಕಗಳಲ್ಲಿ ಕ್ಯಾನ್ವಾಸ್ ಬಿಚ್ಚಿಕೊಂಡು ಒಳಗೆ ಎತ್ತರ ಕೊಡುವ ಫೈಬರ್ ಮುಚ್ಚಳ) ತಂದು ಶೆಡ್ಡಿನಲ್ಲಿಟ್ಟವರು ಅದು ತಮ್ಮ ವ್ಯಾನಿಗೆ ಬೇಕೋ ಬೇಡವೋ ಎಂದು ಮತ್ತೆ ಯೋಚಿಸುವುದಿಲ್ಲ. ಹೇಗೆ ಕೂರಿಸುವುದು ಎಂಬಲ್ಲಿಗೆ ಹಾರುತ್ತಾರೆ. ಕೆಳಗಿನ ಹಂತಗಳಲ್ಲಿ ಛಾವಣಿ ಕೊಳ್ಳುವುದು ಐದನೆಯದು. ಆ ಸರಣಿ ತಪ್ಪಿಸಬೇಡಿ.

ಉದಾಹರಣೆಗೆ ತೆಗೆದುಕೊಂಡಿರುವುದು ಫೋಕ್ಸ್‌ವ್ಯಾಗನ್ ಟೈಪ್ 2, ಅಂದರೆ 1967ರಿಂದ 1979ರವರೆಗೆ ಜರ್ಮನಿಯಲ್ಲಿ ತಯಾರಾದ ‘ಬೇ ವಿಂಡೋ’ ವ್ಯಾನ್. ಬ್ರಿಟನ್, ಜರ್ಮನಿಗಳಲ್ಲಿರುವ ನಮ್ಮವರ ಕೈಗೆ ಸಿಗುವ ಹಳೇ ಕ್ಯಾಂಪರುಗಳಲ್ಲಿ ಇದು, ಇದರ ನಂತರದ ಟಿ3 (ಬ್ರಿಟನ್ನಿನಲ್ಲಿ ಟಿ25 ಎನ್ನುತ್ತಾರೆ) ಎರಡೂ ಸಾಮಾನ್ಯ. ಬೇರೆ ವ್ಯಾನಾದರೆ ಅಳತೆ ಬದಲಾಗುತ್ತದೆ, ಸರಣಿ ಅದೇ.

## ಹಂತ 1: ಬೇಕಾಗಿರುವುದು ನಿಲ್ಲಲು ಜಾಗವೋ, ಮಲಗಲು ಜಾಗವೋ?

ಬೇ ವಿಂಡೋ ಒಳಗೆ ನೆಲದಿಂದ ಮೇಲಿನ ತಗಡಿಗೆ ಸುಮಾರು 1.4 ಮೀಟರ್. ದೊಡ್ಡವರು ಬಗ್ಗಿಯೇ ಓಡಾಡಬೇಕು. ಪ್ಯಾಂಟು ಹಾಕಿಕೊಳ್ಳಬೇಕೆಂದರೂ ಹಾಸಿಗೆಯ ಮೇಲೆ ಅಂಗಾತ ಮಲಗಬೇಕು. ಛಾವಣಿ ಬೇಕು ಅನ್ನಿಸುವುದು ಇಂಥ ಹೊತ್ತಿನಲ್ಲೇ. ಆದರೆ ‘ಬೇಕು’ ಎನ್ನುವುದರೊಳಗೆ ಮೂರು ಬೇರೆ ಬೇರೆ ಬೇಡಿಕೆಗಳಿರುತ್ತವೆ.

ನಿಂತು ಅಡುಗೆ ಮಾಡಲು, ಬಟ್ಟೆ ಬದಲಿಸಲು ಮಾತ್ರ ಎತ್ತರ ಬೇಕಿದ್ದರೆ ವ್ಯಾನಿನ ಪಕ್ಕಕ್ಕೆ ಸೇರುವ ಟೆಂಟು (ಡ್ರೈವ್-ಅವೇ ಆನಿಂಗ್) ಸಾಕು. ತಗಡಿಗೆ ಒಂದು ತೂತೂ ಬೀಳುವುದಿಲ್ಲ. ಒಂದು ಪುಟ್ಟ ಮಗುವಿಗೆ ಮಲಗುವ ಜಾಗ ಬೇಕಿದ್ದರೆ ಮುಂದಿನ ಸೀಟುಗಳ ಮೇಲೆ ಅಡ್ಡಕ್ಕೆ ಕಟ್ಟುವ ತೊಟ್ಟಿಲಿನಂಥ ಬಂಕ್ ಇದೆ. ಎರಡು ಕಂಬಿ, ಒಂದು ಕ್ಯಾನ್ವಾಸ್, ಅಷ್ಟೇ. ಹೆಚ್ಚಿನ ಹಾಸಿಗೆ, ನಿಲ್ಲುವ ಎತ್ತರ ಎರಡೂ ಬೇಕು, ಮಳೆಯಲ್ಲೂ ಬೇಕು, ಒಂದೇ ರಾತ್ರಿಗೆ ತಂಗಿ ಮುಂದೆ ಹೋಗುವ ಪ್ರಯಾಣಗಳೇ ಹೆಚ್ಚು ಎನ್ನುವವರಿಗೆ ಮಾತ್ರ ಛಾವಣಿ ನಿಜವಾದ ಉತ್ತರ.

ಮಕ್ಕಳಿಗಾಗಿ ಎನ್ನುವವರು ಇನ್ನೊಂದು ಲೆಕ್ಕ ಹಾಕಿ. ಹಳೇ ಮಾದರಿಯ ಛಾವಣಿ ಬಂಕುಗಳು ಕಿರಿದು, ತೂಕದ ಮಿತಿಯೂ ಕಡಿಮೆ. ಈಗ ಎಂಟು ವರ್ಷದ ಮಗು ಐದು ವರ್ಷದಲ್ಲಿ ಅಲ್ಲಿ ಹಿಡಿಯುವುದಿಲ್ಲ. ಕೊಯ್ದ ತಗಡು ಮಾತ್ರ ಶಾಶ್ವತ.

ತೀರ್ಮಾನಕ್ಕೆ ಮುಂಚೆ ಪಾಪ್-ಅಪ್ ಇರುವ ವ್ಯಾನನ್ನೇ ಬಾಡಿಗೆಗೆ ತೆಗೆದುಕೊಂಡು ಎರಡು ರಾತ್ರಿ ಮಲಗಿ ನೋಡಿ. ಜುಲೈನಲ್ಲಿ ಬೇಡ, ಅಕ್ಟೋಬರಿನಲ್ಲಿ ಹೋಗಿ. ಗಾಳಿಗೆ ಬಟ್ಟೆ ಪಟಪಟ ಬಡಿಯುವ ಸದ್ದು, ಬೆಳಿಗ್ಗೆ ಉಸಿರಿನ ಆವಿಗೆ ಕ್ಯಾನ್ವಾಸಿನ ಒಳಮೈ ಬೆವರಿ ದಿಂಬಿನ ಮೇಲೆ ತೊಟ್ಟಿಕ್ಕುವುದು, ಒದ್ದೆ ಬಟ್ಟೆಯನ್ನೇ ಮಡಿಚಿ ಹೊರಡಬೇಕಾಗುವುದು, ಇವೆಲ್ಲ ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ.

## ಹಂತ 2: ಎತ್ತರ ಮತ್ತು ತೂಕ

ಬೇ ವಿಂಡೋ ತಗಡಿನ ಛಾವಣಿಯ ಎತ್ತರ ಸುಮಾರು 1.95 ಮೀಟರ್. ಮೇಲೆ ಫೈಬರ್ ಮುಚ್ಚಳ ಕೂತರೆ, ಮುಚ್ಚಿದ್ದಾಗಲೂ, ಎರಡು ಮೀಟರ್ ದಾಟುವುದು ಬಹುತೇಕ ಖಚಿತ. ಬಹುಮಹಡಿ ಪಾರ್ಕಿಂಗುಗಳ, ಸಮುದ್ರದಂಡೆಯ ಕಾರು ನಿಲ್ದಾಣಗಳ ಅಡ್ಡಕಂಬಿ ಇರುವುದೂ ಅದೇ ಆಸುಪಾಸಿನಲ್ಲಿ. ನಿಮ್ಮ ಗ್ಯಾರೇಜಿನ ಬಾಗಿಲನ್ನು ತೆರೆದ ಸ್ಥಿತಿಯಲ್ಲಿ, ಅತಿ ತಗ್ಗಿನ ಜಾಗದಲ್ಲಿ ಅಳೆಯಿರಿ. ಮೇಲಕ್ಕೆ ಸರಿಯುವ ಬಾಗಿಲಾದರೆ ಅದರ ಕೆಳ ಅಂಚು ನೇತಾಡುವಷ್ಟನ್ನು ಕಳೆಯಿರಿ. ಗ್ಯಾರೇಜಿನೊಳಗೆ ಹೋಗದ ಹಳೇ ವ್ಯಾನ್ ಚಳಿಗಾಲವಿಡೀ ಮಳೆಯಲ್ಲಿ ನಿಂತರೆ, ಛಾವಣಿಯಿಂದ ಗಳಿಸಿದ್ದನ್ನು ತುಕ್ಕಿಗೆ ಕೊಟ್ಟಂತೆ.

ತೂಕಕ್ಕೆ, ವ್ಯಾನನ್ನು ಪ್ರವಾಸಕ್ಕೆ ಹೊರಟಂತೆಯೇ ತುಂಬಿಸಿ (ನೀರು, ಗ್ಯಾಸ್, ಜನ ಸಮೇತ) ವಾಹನ ತೂಗುವ ವೇಬ್ರಿಜ್ಜಿನ ಮೇಲೆ ನಿಲ್ಲಿಸಿ. ಬಂದ ಅಂಕಿಯನ್ನು ವ್ಯಾನಿನ ತಯಾರಿಕಾ ಫಲಕದಲ್ಲಿರುವ ಗರಿಷ್ಠ ತೂಕದ ಜೊತೆ ಹೋಲಿಸಿ. ಮುಚ್ಚಳ, ಬಲಪಡಿಸುವ ಚೌಕಟ್ಟು, ಹಲಗೆ, ಹಾಸಿಗೆ ಸೇರಿ 50 ಕೆ.ಜಿ. ಆಸುಪಾಸು ಸೇರುತ್ತದೆಂದು ಇಟ್ಟುಕೊಳ್ಳಿ. ಕೊಳ್ಳುವ ಹೊತ್ತಿಗೆ ನಿಜವಾದ ತೂಕ ಕೇಳಿ. 50 ಅಶ್ವಶಕ್ತಿಯ 1600 ಸಿಸಿ ಎಂಜಿನ್ನಿಗೆ ಇದು ಏರಿನಲ್ಲಿ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ, ಈ ಭಾರವೆಲ್ಲ ಅತಿ ಎತ್ತರದ ಜಾಗದಲ್ಲಿ ಕೂರುತ್ತದೆ. ಅಡ್ಡಗಾಳಿಗೆ ಮೊದಲೇ ಓಲಾಡುವ ವ್ಯಾನ್ ಇನ್ನಷ್ಟು ಓಲಾಡುತ್ತದೆ. ಶಾಕ್ ಅಬ್ಸಾರ್ಬರ್, ಟೈರು ಹಳತಾಗಿದ್ದರೆ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

## ಹಂತ 3: ಕಾಗದಪತ್ರ

ಇದನ್ನು ಬೇಗ ಮುಗಿಸಬಹುದು, ಆದರೆ ಕತ್ತರಿಸುವ ಮೊದಲೇ ಮುಗಿಸಬೇಕು.

ಬ್ರಿಟನ್ನಿನಲ್ಲಿ ವ್ಯಾನನ್ನು ‘ಮೋಟಾರ್ ಕ್ಯಾರವಾನ್’ ಎಂದು ದಾಖಲಿಸಿಕೊಳ್ಳುವ ಆಸೆಯಿಂದ ಛಾವಣಿ ಹಾಕಿಸುವವರಿದ್ದಾರೆ. ಅಲ್ಲಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎ ನೋಡುವ ಹೊರಲಕ್ಷಣಗಳ ಪಟ್ಟಿಯಲ್ಲಿ ಕದಲದ ಎತ್ತರದ ಛಾವಣಿ ಇದೆ, ಮೇಲೇಳುವ ಛಾವಣಿ ಲೆಕ್ಕಕ್ಕಿಲ್ಲ. ಹಾಗಾಗಿ ಆ ಕಾರಣವನ್ನು ಕೈಬಿಡಿ. 40 ವರ್ಷ ದಾಟಿದ ವಾಹನಕ್ಕೆ 2018ರ ಮೇ 20ರಿಂದ ಎಂಒಟಿ (ವಾರ್ಷಿಕ ವಾಹನ ಸುರಕ್ಷತಾ ಪರೀಕ್ಷೆ) ಕಡ್ಡಾಯವಲ್ಲ. ಆದರೆ ಕಳೆದ 30 ವರ್ಷಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದೆಂಬ ಷರತ್ತಿದೆ. ಮೈತಗಡೇ ಚಾಸಿಯ ಕೆಲಸ ಮಾಡುವ ವ್ಯಾನಿನಲ್ಲಿ ಎಷ್ಟು ಕತ್ತರಿಸುತ್ತೀರಿ ಎನ್ನುವುದು ಇಲ್ಲಿ ಪ್ರಶ್ನೆಯಾಗಬಹುದು. ನಕ್ಷೆ ಹಿಡಿದುಕೊಂಡು ಹಳೇ ವಾಹನ ಬಲ್ಲ ಪರೀಕ್ಷಕರನ್ನು ಕೇಳಿ. ವಿನಾಯಿತಿ ಸಿಕ್ಕರೂ ಕೆಲಸ ಮುಗಿದ ಮೇಲೆ ಒಮ್ಮೆ ಸ್ವಂತ ಇಚ್ಛೆಯಿಂದ ಎಂಒಟಿ ಮಾಡಿಸುವುದು ಜಾಣತನ.

ಜರ್ಮನಿಯಲ್ಲಿ ಇಂಥ ಬದಲಾವಣೆಗೆ ಪರೀಕ್ಷಕರ ಪ್ರತ್ಯೇಕ ಒಪ್ಪಿಗೆ ಬೇಕು. 30 ವರ್ಷ ದಾಟಿದ ವಾಹನವನ್ನು ಐತಿಹಾಸಿಕವೆಂದು ಗುರುತಿಸುವ ‘ಎಚ್’ ನಂಬರ್ ಪ್ಲೇಟ್ ಉಳಿಯಬೇಕಾದರೆ ಛಾವಣಿ ಆ ಕಾಲಕ್ಕೆ ಒಪ್ಪುವಂಥದ್ದಾಗಿರಬೇಕು. ಭಾರತದಲ್ಲಿ ಟ್ರಾವೆಲರ್ ವ್ಯಾನನ್ನು ಹೀಗೆ ಕೊಯ್ಯುವ ಯೋಚನೆ ಇದ್ದವರಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ನಿಂತಿದೆ. ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ವಿಮಾ ಕಂಪನಿಗೆ ಮೊದಲೇ ತಿಳಿಸಿ, ಉತ್ತರ ಲಿಖಿತವಾಗಿ ಪಡೆಯಿರಿ. ಕೆಲಸ ಮುಗಿದ ಮೇಲೆ ಒಪ್ಪಿತ ಮೌಲ್ಯವನ್ನು (ವ್ಯಾನ್ ಪೂರ್ತಿ ಹೋದರೆ ವಿಮೆ ಕೊಡಲೆಂದು ಮೊದಲೇ ಒಪ್ಪಿದ ಮೊತ್ತ) ಮತ್ತೆ ಬರೆಸಬೇಕು. ಮೌಲ್ಯ ಏರಿಯೇ ಏರುತ್ತದೆ ಎಂದುಕೊಳ್ಳಬೇಡಿ. ಕಾರ್ಖಾನೆಯಿಂದ ಬಂದಂತೆಯೇ ಉಳಿದ, ತುಕ್ಕಿಲ್ಲದ ತಗಡಿನ ಛಾವಣಿಯ ವ್ಯಾನಿಗೆ ಅದರದೇ ಗಿರಾಕಿಗಳಿದ್ದಾರೆ. ಅಂಥದ್ದು ನಿಮ್ಮಲ್ಲಿದ್ದರೆ ಅದನ್ನು ಕೊಯ್ಯಬೇಡಿ, ಮಾರಿ, ಛಾವಣಿ ಇರುವ ವ್ಯಾನನ್ನೇ ಕೊಳ್ಳಿ. ಎಷ್ಟೋ ಸಲ ಎರಡರ ನಡುವಿನ ಬೆಲೆವ್ಯತ್ಯಾಸಕ್ಕಿಂತ ಈ ಕೆಲಸದ ಖರ್ಚೇ ಹೆಚ್ಚು.

## ಹಂತ 4: ತಗಡು ಏನು ಹೇಳುತ್ತಿದೆ

ಇಡೀ ತೀರ್ಮಾನ ನಿಂತಿರುವುದು ಇದರ ಮೇಲೆ. ಒಂದು ದಿನ ಪೂರ್ತಿ ಕೊಡಿ.

ಹೆಂಚಿನ ಮನೆಯ ಅಡ್ಡತೊಲೆ ತೆಗೆದರೆ ಗೋಡೆಗಳು ಹೊರಕ್ಕೆ ಬಾಗುತ್ತವಲ್ಲ, ವ್ಯಾನಿನಲ್ಲೂ ಅದೇ ಕತೆ. ಛಾವಣಿಯ ತಗಡಿನ ಕೆಳಗೆ ಎಡದಿಂದ ಬಲಕ್ಕೆ ಉಕ್ಕಿನ ಅಡ್ಡಪಟ್ಟಿಗಳು ಹೋಗಿರುತ್ತವೆ. ಎರಡು ಪಕ್ಕಗಳನ್ನು ಹಿಡಿದಿಡುವುದು ಅವೇ. ಛಾವಣಿಗೆ ಕಿಂಡಿ ಕೊಯ್ಯುವಾಗ ಕತ್ತರಿಸಬೇಕಾದದ್ದೂ ಅವನ್ನೇ. ಕತ್ತರಿಸಿದ ಮೇಲೆ ಆ ಭಾರ ಕಿಂಡಿಯ ಸುತ್ತಲಿನ ಚೌಕಟ್ಟಿಗೆ, ಅಲ್ಲಿಂದ ಮಳೆನೀರು ಹರಿಯುವ ಗಟರ್ ಅಂಚಿಗೆ, ಅಲ್ಲಿಂದ ಕಿಟಕಿ ಬಾಗಿಲುಗಳ ನಡುವಿನ ಕಂಬಗಳಿಗೆ ಇಳಿಯುತ್ತದೆ. ಗಟರ್ ಕೊಳೆತಿದ್ದರೆ ಹೊಸ ಚೌಕಟ್ಟು ಎಷ್ಟೇ ಗಟ್ಟಿಯಿದ್ದರೂ ಹಿಡಿಯಲು ಅದಕ್ಕೆ ಏನೂ ಇರುವುದಿಲ್ಲ.

ಬೇಕಾದ್ದು: ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತ, ಮೊಂಡು ಸ್ಕ್ರೂಡ್ರೈವರ್, ಟಾರ್ಚು, ಪುಟ್ಟ ಕನ್ನಡಿ, ಅಳತೆ ಟೇಪು, ಅಂಟಿಸುವ ಮಾಸ್ಕಿಂಗ್ ಟೇಪು, ಮಾರ್ಕರ್.

ಒಳಗಿನ ಮೇಲ್ಹೊದಿಕೆಯನ್ನು ಪೂರ್ತಿ ಬಿಚ್ಚಿ. ಒಂದು ಮೂಲೆ ಎತ್ತಿ ಇಣುಕಿದರೆ ಸಾಲದು. ಅಡ್ಡಪಟ್ಟಿಗಳು ಪಕ್ಕದ ಗೋಡೆಗೆ ಸೇರುವ ಜಾಗವನ್ನು ಕನ್ನಡಿ ಹಿಡಿದು ನೋಡಿ. ಕಂದು ಬಣ್ಣದ ನೀರಿನ ಗೆರೆ ಇಳಿದಿದ್ದರೆ ಮೇಲೆ ಗಟರಿನಲ್ಲಿ ಬಿರುಕಿದೆ ಎಂದೇ ಅರ್ಥ. ಹೊರಗಿನಿಂದ ಗಟರಿನ ಉದ್ದಕ್ಕೂ ಅಯಸ್ಕಾಂತ ಸರಿಸುತ್ತಾ ಹೋಗಿ. ಅದು ಕಚ್ಚದೆ ಜಾರಿದ ಕಡೆ ಕೆಳಗಿರುವುದು ಪುಟ್ಟಿ. ಬಣ್ಣ ಗುಳ್ಳೆ ಎದ್ದ ಕಡೆ ಸ್ಕ್ರೂಡ್ರೈವರ್ ಮೂತಿಯಿಂದ ಒತ್ತಿ. ಗಟ್ಟಿ ತಗಡು ‘ಟಣ್’ ಅನ್ನುತ್ತದೆ, ಕೊಳೆತದ್ದು ಬಿಸ್ಕತ್ತಿನಂತೆ ಮುರಿಯುತ್ತದೆ. ಮುಂಗಾಜಿನ ಮೇಲಿನ ಎರಡು ಮೂಲೆ, ಹಿಂಬಾಗಿಲ ಕೀಲು, ಜಾರುಬಾಗಿಲ ಮೇಲಿನ ಹಳಿ, ಈ ಮೂರನ್ನು ಎರಡೆರಡು ಸಲ ನೋಡಿ. ಜಾರುಬಾಗಿಲ ಹಳಿ ಛಾವಣಿಯ ಅಂಚಿನೊಳಗೇ ಇರುವುದರಿಂದ ಅಲ್ಲಿ ಸ್ವಲ್ಪ ಸೊಟ್ಟಗಾದರೂ ಬಾಗಿಲು ಉಜ್ಜುತ್ತದೆ.

ಕೊನೆಗೆ ವ್ಯಾನನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ತುಂಬಿ, ಎಲ್ಲ ಬಾಗಿಲ ಸಂದುಗಳನ್ನು ಮೇಲೆ, ನಡುವೆ, ಕೆಳಗೆ ಅಳೆದು ಆಯಾ ಜಾಗದಲ್ಲೇ ಮಾಸ್ಕಿಂಗ್ ಟೇಪಿನ ಮೇಲೆ ಬರೆಯಿರಿ. ಒಳಗೆ ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ತೆಗೆಯಿರಿ. ಎರಡಕ್ಕೂ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವ್ಯಾನ್ ಹಿಂದೆಂದೋ ಪೆಟ್ಟು ತಿಂದು ಸೊಟ್ಟಗಾಗಿರಬಹುದು. ಮೊದಲು ಅದನ್ನು ಸರಿಪಡಿಸಿ. ಈ ಟೇಪುಗಳನ್ನು ಕೆಲಸ ಮುಗಿಯುವತನಕ ಕೀಳಬೇಡಿ.

ನಿಲ್ಲಿಸಿ ಎನ್ನುವ ಲಕ್ಷಣಗಳು ಇವು: ಗಟರಿನಲ್ಲಿ ಬೆರಳು ತೂರುವ ತೂತು, ಕಂಬದ ಬುಡದಲ್ಲಿ ತುಕ್ಕು, ಹಳೇ ಛಾವಣಿಯ ತೂತಿಗೆ ಹಾಕಿದ ತೇಪೆ. ಇವುಗಳಲ್ಲಿ ಒಂದಿದ್ದರೂ ಈ ವರ್ಷದ ದುಡ್ಡು ಟಿಂಕರಿಂಗಿಗೆ. ಛಾವಣಿ ಆಮೇಲೆ.

## ಹಂತ 5: ಯಾವ ಛಾವಣಿ?

ಇಷ್ಟರವರೆಗೆ ಎಲ್ಲೂ ‘ಬೇಡ’ ಬರದಿದ್ದರೆ ಮಾತ್ರ ಪೇಟೆಗೆ ಹೋಗಿ.

ಹಳೆಯವುಗಳಲ್ಲಿ ಒಂದು ಪಕ್ಕಕ್ಕೆ ಕೀಲಿರುವ, ಪುಸ್ತಕದಂತೆ ತೆರೆಯುವ ಬಗೆ (ಡೋರ್ಮೊಬೈಲ್ ಛಾವಣಿ ಇದಕ್ಕೆ ಹೆಸರುವಾಸಿ) ಒಂದು. ಒಂದು ತುದಿಗೆ ಕೀಲಿರುವ, ಇನ್ನೊಂದು ತುದಿ ಎದ್ದು ಬೆಣೆಯಾಕಾರಕ್ಕೆ ಬರುವ ಬಗೆ ಇನ್ನೊಂದು. ನಾಲ್ಕೂ ಕಡೆ ಸಮನಾಗಿ ಮೇಲೇಳುವುದು ಮೂರನೆಯದು. ನಿಲ್ಲುವ ಜಾಗ ಮುಖ್ಯವಾದರೆ ಸಮನಾಗಿ ಏಳುವುದು, ಮಲಗುವುದು ಮುಖ್ಯವಾದರೆ ಮೊದಲಿನ ಎರಡು.

ಒಂದು ಮಾದರಿಯದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬೇ ವಿಂಡೋಗಿಂತ ಟಿ3 ಸುಮಾರು 12.5 ಸೆಂ.ಮೀ. ಅಗಲ. ‘ಸ್ವಲ್ಪ ಅಡ್ಜಸ್ಟ್ ಮಾಡಿದರೆ ಆಗುತ್ತೆ’ ಎಂದು ಮಾರುವವರ ಮಾತಿಗೆ ಮರುಳಾಗಬೇಡಿ.

ಗುಜರಿ ವ್ಯಾನಿನಿಂದ ತೆಗೆಯುವುದಾದರೆ ಮುಚ್ಚಳವನ್ನಷ್ಟೇ ಕೊಳ್ಳಬೇಡಿ. ಅದರ ಕೆಳಗೆ ಕಾರ್ಖಾನೆಯವರು ಹಾಕಿದ ಬಲಪಡಿಸುವ ಚೌಕಟ್ಟು, ಸುತ್ತಲಿನ ಒಂದಷ್ಟು ತಗಡು ಸಮೇತ ಬರಬೇಕು. ಹೆಚ್ಚಿನವರು ಇಲ್ಲೇ ಎಡವುವುದು: ಚಂದದ ಫೈಬರ್, ಹೊಸ ಕ್ಯಾನ್ವಾಸ್ ನೋಡಿ ಕೊಳ್ಳುತ್ತಾರೆ, ಚೌಕಟ್ಟು ಗುಜರಿಯಲ್ಲೇ ಉಳಿಯುತ್ತದೆ. ಕ್ಯಾನ್ವಾಸ್ ಯಾವಾಗ ಬೇಕಾದರೂ ಹೊಲಿಸಬಹುದು, ಚೌಕಟ್ಟು ಹಾಗೆ ಸಿಗುವುದಿಲ್ಲ. ಫೈಬರನ್ನು ನಾಣ್ಯದಿಂದ ತಟ್ಟುತ್ತಾ ಬನ್ನಿ. ಸದ್ದು ಮಂಕಾದ ಕಡೆ ಪದರ ಬಿಟ್ಟಿದೆ. ಕೀಲಿನ ಸುತ್ತ ನಕ್ಷತ್ರದಂತೆ ಒಡೆದ ಗೆರೆಗಳಿದ್ದರೆ ಅದು ಯಾವಾಗಲೋ ಗಾಳಿಗೆ ತಿರುಚಿಕೊಂಡಿದೆ.

ಹೊಸ ಕಿಟ್ ಆದರೆ ಮಾರುವವರಿಗೆ ಮೂರೇ ಪ್ರಶ್ನೆ: ಉಕ್ಕಿನ ಚೌಕಟ್ಟು ಜೊತೆಗೆ ಬರುತ್ತದೆಯೇ, ಬಂಕಿನ ತೂಕದ ಮಿತಿ ಎಷ್ಟು, ಮುಚ್ಚಳ ಗಟರನ್ನು ಮುಚ್ಚುತ್ತದೆಯೇ. ಗಟರ್ ಮುಚ್ಚಿಹೋದರೆ ಪಕ್ಕದ ಟೆಂಟು ಸಿಕ್ಕಿಸಲು ಜಾಗ ಉಳಿಯುವುದಿಲ್ಲ.

## ಹಂತ 6: ಕಾಗದದಲ್ಲಿ ಕೊಯ್ಯಿರಿ

ಮುಚ್ಚಳವನ್ನು ಇಬ್ಬರು ಎತ್ತಿ ವ್ಯಾನಿನ ಮೇಲಿಟ್ಟು ನೋಡಿ. ಮುಂಗಾಜಿನ ನಡುಮಧ್ಯದಿಂದ ಹಿಂಗಾಜಿನ ನಡುಮಧ್ಯಕ್ಕೆ ಸುಣ್ಣದ ದಾರ ಎಳೆದು ಮಿಡಿದರೆ ನಡುಗೆರೆ ಸಿಗುತ್ತದೆ. ಗಟರುಗಳಿಂದ ಅಳೆಯಬೇಡಿ, ಹಳೇ ವ್ಯಾನಿನಲ್ಲಿ ಎಡ ಬಲ ಸಮ ಇರುವುದು ಅಪರೂಪ. ಕಿಂಡಿಯ ಅಚ್ಚನ್ನು ರಟ್ಟಿನಲ್ಲಿ ಕತ್ತರಿಸಿ ಮೇಲಿಟ್ಟು, ಅದೇ ಗೆರೆಯನ್ನು ಒಳಗಿನಿಂದಲೂ ಟೇಪಿನಲ್ಲಿ ಗುರುತಿಸಿ. ಎಷ್ಟು ಅಡ್ಡಪಟ್ಟಿ ತುಂಡಾಗುತ್ತವೆ, ಒಳಗಿನ ದೀಪದ ವೈರು ಎಲ್ಲಿ ಹೋಗಿದೆ, ಜಾರುಬಾಗಿಲ ಹಳಿಗೆ ಎಷ್ಟು ಹತ್ತಿರ ಎನ್ನುವುದು ಆಗ ಕಣ್ಣಿಗೆ ಕಾಣುತ್ತದೆ.

ಈ ಟೇಪನ್ನು ಒಂದು ವಾರ ಹಾಗೇ ಬಿಡಿ. ಒಲೆ ಯಾವ ಜಾಗಕ್ಕೆ ಬರುತ್ತದೆ, ಕಪಾಟಿನ ಬಾಗಿಲು ಬಂಕಿಗೆ ತಗಲುತ್ತದೆಯೇ, ರಾತ್ರಿ ಮೇಲಿನವರು ಯಾರ ಹೊಟ್ಟೆ ತುಳಿದು ಇಳಿಯಬೇಕು, ನೋಡಿಕೊಳ್ಳಿ. ಹಿಂದಕ್ಕೆ ಸರಿಯಲು ಇದೇ ಕೊನೆಯ ಜಾಗ.

## ಹಂತ 7: ಕೊಯ್ಯುವ ಸರಣಿ

ಮಿಗ್ ವೆಲ್ಡಿಂಗ್ (ತಂತಿ ಕರಗಿಸಿ ತಗಡು ಬೆಸೆಯುವುದು) ಮಾಡಿ ಅಭ್ಯಾಸವಿಲ್ಲದವರು ಇದನ್ನು ಬಾಡಿ ಕೆಲಸದವರಿಗೆ ಕೊಡಿ. ಕೊಟ್ಟರೂ ಸರಣಿ ಗೊತ್ತಿರಲಿ, ಪಕ್ಕದಲ್ಲಿ ನಿಂತು ನೋಡಲಿಕ್ಕೆ.

1. ಬ್ಯಾಟರಿ ಕಳಚಿ. ಪೆಟ್ರೋಲ್ ಟ್ಯಾಂಕು ಹಿಂದೆ ಎಂಜಿನ್ನಿನ ಪಕ್ಕದಲ್ಲೇ ಇರುವುದರಿಂದ ವಾಸನೆ ಬಂದರೆ ವೆಲ್ಡಿಂಗ್ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಗಾಜು, ಸೀಟುಗಳಿಗೆ ದಪ್ಪ ಕಂಬಳಿ ಹೊದಿಸಿ.

2. ವ್ಯಾನ್ ತನ್ನ ಚಕ್ರಗಳ ಮೇಲೇ ನಿಂತಿರಲಿ, ಬಾಗಿಲುಗಳೆಲ್ಲ ಮುಚ್ಚಿರಲಿ. ಜಾಕಿನ ಮೇಲೆ ನಿಂತ ವ್ಯಾನ್ ಕೊಯ್ದರೆ ಅದು ಸೊಟ್ಟಗೇ ಗಟ್ಟಿಯಾಗುತ್ತದೆ. ಒಳಗೆ ಕಂಬದಿಂದ ಕಂಬಕ್ಕೆ 25 ಮಿ.ಮೀ. ಚೌಕ ಪೈಪಿನ ಗುಣಾಕಾರ ಚಿಹ್ನೆಯಂಥ ಆಸರೆ ಕಟ್ಟಿ. ಸೀಟ್‌ಬೆಲ್ಟಿನ ಮೇಲಿನ ಬೋಲ್ಟು ರಂಧ್ರಗಳು ಇದಕ್ಕೆ ಒದಗುತ್ತವೆ.

3. ಗುರುತಿನ ಗೆರೆಗಿಂತ 30 ಮಿ.ಮೀ. ಒಳಗೆ ಮೊದಲ ಕೊಯ್ತ. ಮೂಲೆಗಳಲ್ಲಿ ಮೊದಲು ಹೋಲ್-ಸಾದಿಂದ 50 ಮಿ.ಮೀ. ಅಥವಾ ದೊಡ್ಡ ದುಂಡು ತೂತು ಕೊರೆಯಿರಿ. ಚೌಕ ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ನಡುವಿನ ಗೆರೆಗೆ ನಿಬ್ಲರ್ (ತಗಡನ್ನು ಚೂರುಚೂರಾಗಿ ಕಚ್ಚಿ ಕತ್ತರಿಸುವ ಯಂತ್ರ), ಇಲ್ಲವೇ ಸಣ್ಣ ಹಲ್ಲಿನ ಲೋಹದ ಬ್ಲೇಡು ಹಾಕಿದ ಜಿಗ್‌ಸಾ. ಆಂಗಲ್ ಗ್ರೈಂಡರ್ ಬೇಡ. ಅದರ ಕಿಡಿಗಳು ಗಾಜಿಗೆ, ಬಣ್ಣಕ್ಕೆ ಕಚ್ಚಿಕೊಂಡು ವಾರದೊಳಗೆ ತುಕ್ಕಿನ ಚುಕ್ಕೆಗಳಾಗುತ್ತವೆ.

4. ಈ ಹಂತದಲ್ಲಿ ಕೊಯ್ಯುವುದು ಮೇಲಿನ ತಗಡನ್ನು ಮಾತ್ರ. ಅಡ್ಡಪಟ್ಟಿ ಮುಟ್ಟಬೇಡಿ. ತಗಡನ್ನು ಅಡ್ಡಪಟ್ಟಿಗೆ ಹಿಡಿದಿರುವ ಅಂಟು, ಸ್ಪಾಟ್ ವೆಲ್ಡ್‌ಗಳನ್ನು (ಚುಕ್ಕೆ ಬೆಸುಗೆ) ಬಿಡಿಸಿಕೊಳ್ಳಿ. ನಾಲ್ಕು ಕಡೆ ಎರಡೆರಡು ಸೆಂಟಿಮೀಟರ್ ತಗಡನ್ನು ಕೊಯ್ಯದೆ ಉಳಿಸಿ, ಇಬ್ಬರು ಹಿಡಿದುಕೊಂಡ ಮೇಲೆ ಅವನ್ನು ಕತ್ತರಿಸಿ. ಇಲ್ಲದಿದ್ದರೆ ತಗಡು ತನ್ನ ಭಾರಕ್ಕೆ ತಾನೇ ಹರಿದುಕೊಳ್ಳುತ್ತದೆ.

5. ಹೊಸ ಚೌಕಟ್ಟನ್ನು ಜಾಗಕ್ಕೆ ತಂದು ಕ್ಲಾಂಪು ಹಾಕಿ. ಅದಾದ ಮೇಲೆ ಒಂದೊಂದೇ ಅಡ್ಡಪಟ್ಟಿ ಕತ್ತರಿಸಿ, ತುದಿಯನ್ನು ಚೌಕಟ್ಟಿಗೆ ವೆಲ್ಡ್ ಮಾಡಿ, ಬಾಗಿಲ ಸಂದು ಅಳೆದು, ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದ ವ್ಯಾನುಗಳ ಜಾರುಬಾಗಿಲು ಆಮೇಲೆ ಮುಚ್ಚದೆ ಉಳಿದದ್ದುಂಟು.

6. ವೆಲ್ಡಿಂಗ್ ತುಂಡುತುಂಡಾಗಿ, ಎದುರುಬದುರು ಮೂಲೆಗಳಲ್ಲಿ ಹಾಕಿ. ಒಂದೇ ಗೆರೆಯಾಗಿ ಎಳೆದರೆ ತೆಳು ತಗಡು ಕಾದು ಹಪ್ಪಳದಂತೆ ಸುಕ್ಕಾಗುತ್ತದೆ.

7. ಕೊಯ್ದ ಅಂಚುಗಳನ್ನೆಲ್ಲ ಅರದಿಂದ ಉಜ್ಜಿ, ಅದೇ ದಿನ ಜಿಂಕ್ ಪ್ರೈಮರ್ ಹಚ್ಚಿ. ಲೋಹದ ಪುಡಿಯನ್ನು ಅಯಸ್ಕಾಂತ, ವ್ಯಾಕ್ಯೂಮ್ ಎರಡರಿಂದಲೂ ತೆಗೆಯಿರಿ. ಗಟರಿನಲ್ಲಿ ಉಳಿದ ಚೂರು ಮೊದಲ ಮಳೆಗೇ ಕಂದು ಗೆರೆ ಇಳಿಸುತ್ತದೆ.

## ಹಂತ 8: ಅಂಟು ಮತ್ತು ಬೋಲ್ಟು

ಮುಚ್ಚಳದ ತಳಚೌಕಟ್ಟನ್ನು ಹಿಡಿಯುವುದು ಪಾಲಿಯುರೆಥೇನ್ ರಚನಾ ಅಂಟು. ಸಿಕಾಫ್ಲೆಕ್ಸ್ 252 ಇಂಥದ್ದು. ಬಚ್ಚಲುಮನೆಯ ಸಿಲಿಕೋನ್ ಬಳಸಬೇಡಿ. ವಿನೆಗರಿನಂತೆ ನಾರುವ ಬಗೆಯದ್ದು ಕೆಳಗಿನ ತಗಡಿಗೆ ತುಕ್ಕು ಹಿಡಿಸುತ್ತದೆ, ಅದರ ಮೇಲೆ ಮುಂದೆ ಬಣ್ಣವೂ ನಿಲ್ಲುವುದಿಲ್ಲ.

ಜಿಡ್ಡು ತೆಗೆದು, ಮೈ ಒರಟು ಮಾಡಿ, ಅಂಟಿನ ತಯಾರಕರೇ ಹೇಳಿದ ಪ್ರೈಮರ್ ಹಚ್ಚಿ, ಅವರು ಹೇಳಿದಷ್ಟು ಹೊತ್ತು ಕಾಯಿರಿ. ಅಂಟಿನ ಎಳೆ ಎಲ್ಲೂ ತುಂಡಾಗದೆ ಸುತ್ತು ಪೂರೈಸಬೇಕು. ಮುಚ್ಚಳ ಕೂರಿಸುವಾಗ ನಡುವೆ 3 ಮಿ.ಮೀ. ರಬ್ಬರ್ ಚೂರುಗಳನ್ನಿಡಿ. ಅವಿಲ್ಲದೆ ಬೋಲ್ಟು ಬಿಗಿದರೆ ಅಂಟೆಲ್ಲ ಹೊರಗೆ ಹಿಂಡಿಹೋಗಿ, ನಡುವೆ ಉಳಿಯುವ ತೆಳು ಪೊರೆ ವ್ಯಾನಿನ ಅದುರಿಗೆ ಹರಿಯುತ್ತದೆ. ‘ಗಟ್ಟಿಯಾಗಿ ಬಿಗಿದೆ, ಆದರೂ ಸೋರುತ್ತೆ’ ಎಂಬ ದೂರಿಗೆ ಬಹುಮಟ್ಟಿಗೆ ಇದೇ ಕಾರಣ. ಈ ಅಂಟು ದಿನಕ್ಕೆ 3–4 ಮಿ.ಮೀ. ಆಳ ಮಾತ್ರ ಗಟ್ಟಿಯಾಗುತ್ತದೆ, 10 ಡಿಗ್ರಿಗಿಂತ ಚಳಿಯಿದ್ದರೆ ಹಚ್ಚಲೇಬಾರದು. ಮೂರು ದಿನ ವ್ಯಾನ್ ಓಡಿಸಬೇಡಿ.

ಕೀಲು, ಗ್ಯಾಸ್ ಸ್ಟ್ರಟ್‌ಗಳ (ಛಾವಣಿಯನ್ನು ಎತ್ತಿ ಹಿಡಿಯುವ, ಅನಿಲ ತುಂಬಿದ ಕೊಳವೆಗಳು) ಬೋಲ್ಟು ಉಕ್ಕಿನ ಚೌಕಟ್ಟಿಗೇ ಹೋಗಬೇಕು, ಹಿಂದೆ 3 ಮಿ.ಮೀ. ಪಟ್ಟಿ ಇರಬೇಕು. ಬರೀ ತಗಡಿಗೆ ಬಿಗಿದ ಬೋಲ್ಟು ಒಂದು ಬಿರುಗಾಳಿಗೆ ಕಿತ್ತು ಬರುತ್ತದೆ. ಸ್ಟ್ರಟ್‌ಗಳನ್ನು ಕ್ಯಾನ್ವಾಸ್, ಹಲಗೆ ಎಲ್ಲ ಕೂತ ಮೇಲೆ, ಎತ್ತಬೇಕಾದ ತೂಕ ನೋಡಿ ಆರಿಸಿ. ಬಲ ಹೆಚ್ಚಾದರೆ ಮುಚ್ಚಿದ ಛಾವಣಿ ಕೀಲಿನ ಬಳಿ ಉಬ್ಬಿಕೊಂಡು ನಿಲ್ಲುತ್ತದೆ, ಕಡಿಮೆಯಾದರೆ ಚಳಿಗಾಲದ ಬೆಳಿಗ್ಗೆ ತಲೆಯ ಮೇಲೆ ಇಳಿಯುತ್ತದೆ.

## ಹಂತ 9: ಹೊರಡುವ ಮೊದಲು

ನೀರಿನ ಪರೀಕ್ಷೆಗೆ ಒಳಗಿನ ಅಂಚಿಗೆಲ್ಲ ಟಾಲ್ಕಂ ಪೌಡರ್ ಉದುರಿಸಿ. ಹೊರಗಿನಿಂದ ಒಂದೊಂದೇ ಪಕ್ಕಕ್ಕೆ, ಕೆಳಗಿನಿಂದ ಮೇಲಕ್ಕೆ, ಕಾಲು ಗಂಟೆ ಪೈಪಿನ ನೀರು ಬಿಡಿ. ಪೌಡರಿನಲ್ಲಿ ಮೂಡಿದ ಗೆರೆ ಸೋರುವ ಜಾಗಕ್ಕೆ ನೇರ ಕರೆದೊಯ್ಯುತ್ತದೆ. ಎಲ್ಲ ಕಡೆ ಒಟ್ಟಿಗೆ ಸುರಿದರೆ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

ಚಿಲಕ ಕನಿಷ್ಠ ಎರಡಿರಲಿ, ಜೊತೆಗೆ ಒಳಗಿನಿಂದ ಬಿಗಿಯುವ ಪಟ್ಟಿ. ಒಂದು ಚಿಲಕ ಕೈಕೊಟ್ಟು 90 ಕಿ.ಮೀ. ವೇಗದಲ್ಲಿ ಮುಂದಿನಿಂದ ಗಾಳಿ ಹೊಕ್ಕರೆ ಛಾವಣಿ ವ್ಯಾನಿನ ಜೊತೆ ಬರುವುದಿಲ್ಲ. ಚಿಲಕ ಹಾಕದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುವಂತೆ ಒಂದು ಸ್ವಿಚ್ ಕೂರಿಸುವುದು ಅರ್ಧ ದಿನದ ಕೆಲಸ, ಮಾಡಿಕೊಳ್ಳಿ. ಮುಚ್ಚುವಾಗ ಪಕ್ಕದ ಬಾಗಿಲೊಂದನ್ನು ತೆರೆದಿಡಿ. ಒಳಗಿನ ಗಾಳಿ ಹೊರಹೋಗದೆ ಕ್ಯಾನ್ವಾಸ್ ಹೊರಗೆ ಉಬ್ಬಿ ಅಂಚಿಗೆ ಸಿಕ್ಕಿ ಹರಿಯುವುದು ತಪ್ಪುತ್ತದೆ. ಒದ್ದೆಯಾಗಿ ಮಡಿಚಿದ್ದರೆ ಮನೆಗೆ ಬಂದ ದಿನವೇ ಮತ್ತೆ ಎತ್ತಿ ಒಣಗಿಸಿ, ಎರಡೇ ದಿನಕ್ಕೆ ಬೂಷ್ಟು ಕೂರುತ್ತದೆ.

ಒಲೆಯ ನೇರ ಮೇಲೆ ಕ್ಯಾನ್ವಾಸ್ ಅಥವಾ ಬಂಕ್ ಬರುವಂತಿದ್ದರೆ ಒಲೆಯ ಜಾಗ ಬದಲಿಸಿ. ಅಡುಗೆ ಮಾಡುವಾಗ ಕ್ಯಾನ್ವಾಸಿನ ಕಿಟಕಿ ತೆರೆದಿರಲಿ, ಇಎನ್ 50291-2 (ವಾಹನಗಳಲ್ಲಿ ಬಳಸುವ ಅಲಾರಂಗಳ ಯುರೋಪಿಯನ್ ಮಾನದಂಡ) ಗುರುತಿರುವ ಕಾರ್ಬನ್ ಮೊನಾಕ್ಸೈಡ್ ವಿಷಾನಿಲದ ಅಲಾರಂ ಮಲಗುವ ಜಾಗದ ಹತ್ತಿರ ಇರಲಿ. ವ್ಯಾನ್ ಓಡುವಾಗ ಮೇಲಿನ ಹಾಸಿಗೆಯಲ್ಲಿ ಯಾರೂ ಇರಕೂಡದು, ‘ಮಗು ನಿದ್ದೆ ಮಾಡಿದೆ, ಹತ್ತೇ ನಿಮಿಷ’ ಎಂದರೂ.

500 ಕಿ.ಮೀ. ಓಡಿಸಿದ ಮೇಲೆ ವ್ಯಾನನ್ನು ಅದೇ ಸಮತಟ್ಟು ನೆಲಕ್ಕೆ ತಂದು ನಿಲ್ಲಿಸಿ. ಬೋಲ್ಟುಗಳನ್ನು ಮತ್ತೆ ಬಿಗಿದು, ಹಳೇ ಟೇಪಿನ ಮೇಲೆ ಬರೆದ ಅಂಕಿಗಳ ಪಕ್ಕದಲ್ಲಿ ಹೊಸ ಅಳತೆ ಬರೆಯಿರಿ. ಎಲ್ಲಾದರೂ 2 ಮಿ.ಮೀ.ಗಿಂತ ಹೆಚ್ಚು ಕದಲಿದ್ದರೆ ಆ ಮೂಲೆಯ ವೆಲ್ಡಿಂಗ್ ಬಿಟ್ಟಿದೆಯೇ ನೋಡಿ. ಕದಲಿಲ್ಲವಾದರೆ ಟೇಪು ಕಿತ್ತು, ಮೇಲ್ಹೊದಿಕೆ ಹೊಲಿಸಲು ಕೊಡಬಹುದು.